ಅತ್ತೆ ಒನಕೆ ಎಸೆದ ಮಧ್ಯಾಹ್ನ

ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ಅಲ್ಲಿಗೆ ಇಂಟರ್ನೆಟ್ ಬಂತು. ಊಟದ ಬಿಡುವಿನಲ್ಲಿ ಉಳಿದವರು ಜಾತಕ ನೋಡುತ್ತಿದ್ದರೆ, ನಾನು ಹವಾಮಾನದ ಹುಚ್ಚರ ಗುಂಪೊಂದಕ್ಕೆ ಸೇರಿಕೊಂಡೆ. ಯಾವ್ಯಾವುದೋ ದೇಶದವರು, ಒಬ್ಬರ ಮುಖ ಒಬ್ಬರು ಕಂಡಿಲ್ಲ. ದಿನಾ ಇಮೇಲಿನಲ್ಲಿ ಮೋಡ, ಗಾಳಿ, ಸಿಡಿಲು, ಇದೇ ಮಾತು. ಬಿರುಗಾಳಿಯನ್ನು ಪಳಗಿಸುವುದು ಹೇಗೆ ಅನ್ನುವುದು ಅವರ ಮುಗಿಯದ ಜಗಳ. ನನಗಂತೂ ಅವರೆಂದರೆ ಪ್ರಾಣ.

ನನಗೆ ಬೇಕಿದ್ದದ್ದು ಆಲಿಕಲ್ಲಿಗೆ ಮದ್ದು. ಅತ್ತೆ ಕೈಯಾರೆ ಬೆಳೆಸಿದ ದ್ರಾಕ್ಷಿ ತೋಟವನ್ನು ಎರಡು ಬೇಸಿಗೆ ಆಲಿಕಲ್ಲು ಚಚ್ಚಿ ಹಾಕಿತ್ತು. "ಈ ಸಲಾನೂ ಹೋದ್ರೆ ಬಳ್ಳಿ ಕಿತ್ತಾಕಿ ನೀಲಗಿರಿ ಇಡ್ತೀನಿ, ಇನ್ನು ನನ್ ಕೈಲಾಗಲ್ಲ ಕಣಮ್ಮ" ಅಂದವರೇ ಸಸಿಗಳನ್ನೂ ತಂದು ಬಾವಿ ಪಕ್ಕ ಇಟ್ಟುಬಿಟ್ಟರು. ಆ ಸಸಿ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಗುಂಪಿಗೆ ಬರೆದೆ. ಅಬ್ಬಬ್ಬಾ, ಅದೆಷ್ಟು ಉತ್ತರ! ಮೋಡಕ್ಕೆ ಉಪ್ಪು ಚಿಮ್ಮಿಸಿ ಅಂದ ಒಬ್ಬ. ಫಿರಂಗಿ ಹಾರಿಸಿ, ಸದ್ದಿಗೆ ಕಲ್ಲೆಲ್ಲ ಒಡೆದು ನೀರಾಗುತ್ತೆ ಅಂದ ಇನ್ನೊಬ್ಬ. ಆಗ ಹಣ್ಣಿನ ತೋಟದ ವಯಸ್ಸಾದ ರೈತರೊಬ್ಬರು ಬರೆದರು: "ನಾನು ವರ್ಷಗಟ್ಟಲೆ ಫಿರಂಗಿ ಹಾರಿಸಿದೆ. ನೆರೆಯವರ ನಿದ್ದೆ ಕೆಟ್ಟಿತು, ಆಲಿಕಲ್ಲು ನಿಲ್ಲಲಿಲ್ಲ." ತಮ್ಮ ಸೋಲನ್ನು ಹೀಗೆ ಎಲ್ಲರೆದುರು ಒಪ್ಪಿಕೊಳ್ಳುವವರನ್ನು ನಮ್ಮ ಆಫೀಸಿನಲ್ಲಿ ನಾನು ಒಬ್ಬರನ್ನೂ ಕಂಡಿರಲಿಲ್ಲ. ಅವರಿಗೆ ಫಿರಂಗಿ ತಾತ ಅಂತ ಮನಸ್ಸಲ್ಲೇ ಹೆಸರಿಟ್ಟೆ.

ತಮಾಷೆಗೆ ನಾನೂ ಒಂದು ಸೇರಿಸಿದೆ: ಆಲಿಕಲ್ಲು ನಿಲ್ಲಲಿ ಅಂತ ನಮ್ಮತ್ತೆ ಒನಕೆಯನ್ನು ಅಂಗಳಕ್ಕೆ ಎಸೆಯುತ್ತಾರೆ. ಯಾರೂ ನಗಲಿಲ್ಲ. "ಸರಿಯಾಗಿ ಯಾವಾಗ ಎಸೆಯುತ್ತಾರೆ? ಕೇಳಿ" ಅಂತ ಬರೆದರು ಫಿರಂಗಿ ತಾತ.

ಫಿರಂಗಿ ತಾತನ ಕಥೆಯನ್ನೂ ಹೇಳಿ ಅತ್ತೆಯನ್ನು ಕೇಳಿದೆ. "ಕಲ್ಲು ಬಿದ್ಮೇಲೆ ಎಸೆದು ಏನ್ ಬಂತು? ಸೆಕೆ ಇದ್ದಿದ್ದು ಒಂದೇ ಸಲಕ್ಕೆ ತಣ್ಣಗಾಗಿ, ಗಾಳೀಲಿ ಮಣ್ಣಿನ ವಾಸ್ನೆ ಬರುತ್ತಲ್ಲ, ಆವಾಗ್ಲೇ ಎಸೀಬೇಕು" ಅಂದರು ಅತ್ತೆ.

ಗುಂಪು ಕುಣಿದಾಡಿಬಿಟ್ಟಿತು. ಅದು ಮೋಡದಿಂದ ಮುಂಚೆಯೇ ಇಳಿಯುವ ತಣ್ಣನೆ ಗಾಳಿ, ಬಿರುಗಾಳಿಯನ್ನು ಪಳಗಿಸುವುದು ಆಮೇಲಿರಲಿ, ನಿಮ್ಮತ್ತೆಗೆ ಸಿಗುವ ಆ ನಾಲ್ಕಾರು ನಿಮಿಷವನ್ನು ಬಿಡಬೇಡಿ ಅಂದರು. ದ್ರಾಕ್ಷಿ ಚಪ್ಪರವನ್ನು ಸದಾ ಮುಚ್ಚಿಟ್ಟರೆ ಹಣ್ಣು ಒಳಗೇ ಬೆಂದುಹೋಗುತ್ತದೆ. ಅದಕ್ಕೆ ಚಪ್ಪರದ ಒಂದಂಚಿನಲ್ಲಿ ಟಾರ್ಪಾಲು ಸುತ್ತಿಟ್ಟೆವು. ಒನಕೆ ಬಿದ್ದ ಕೂಡಲೇ ಎಳೆಯುವುದು ಅಂತ ಮಾತಾಯಿತು.

ಒಂದು ಭಾನುವಾರ ಮಧ್ಯಾಹ್ನ ಒನಕೆ ದಡಾರನೆ ಅಂಗಳಕ್ಕೆ ಬಿತ್ತು. ಗುಂಪಿನವರು ಕಳಿಸಿದ್ದ ಉಪಗ್ರಹದ ಚಿತ್ರ ನನ್ನ ಕೈಯಲ್ಲಿತ್ತು. "ಅತ್ತೆ, ಸುತ್ತಮುತ್ತ ಒಂದು ಮೋಡಾನೂ ಇಲ್ಲ, ಇಲ್ನೋಡಿ!" ಅಂತ ಅವರಿಗೆ ಅಡ್ಡ ನಿಂತೆ.

"ಯಾವತ್ತಿಂದು ಅದು?"

ಶನಿವಾರ ಆಫೀಸಿನಲ್ಲಿ ಪ್ರಿಂಟ್ ತೆಗೆದದ್ದು. ಹೇಳಿದೆ.

"ನಿನ್ನೆ ಮೋಡ ಇಟ್ಕೊಂಡು ಇವತ್ತಿನ ಹಣ್ಣು ಕಾಯ್ತೀಯೇನೆ? ಸರಿ ಆಚೆ!" ಅಂತ ನನ್ನನ್ನು ತಳ್ಳಿ ಓಡಿದರು. ಆ ತುದಿ ನನ್ನ ಗಂಡ, ಈ ತುದಿ ಅತ್ತೆ ಹಿಡಿದು ಎಳೆದರು. ಕೊನೆಯ ಮೂರು ಸಾಲಿಗೆ ಟಾರ್ಪಾಲು ಮುಟ್ಟುವ ಮೊದಲೇ ಕಲ್ಲು ಶುರುವಾಯಿತು. ಮಿಕ್ಕ ತೋಟವೆಲ್ಲ ಬಚಾವಾಯಿತು; ನಾನು ವಾದ ಮಾಡದಿದ್ದರೆ ಆ ಮೂರೂ ಉಳಿಯುತ್ತಿದ್ದವು. ನಾಚಿಕೆಯಿಂದ ಸತ್ತೇ ಹೋದೆ.

ಸೋಮವಾರ ಗುಂಪಿಗೆ ಎಲ್ಲವನ್ನೂ ಬರೆದೆ, ನನ್ನ ತಪ್ಪನ್ನೂ ಸೇರಿಸಿ. ಹಾಗೆ ಬರೆಯುವುದನ್ನು ಕಲಿತದ್ದೇ ಅವರಿಂದ. ಫಿರಂಗಿ ತಾತ ಕೇಳಿದ್ದು ಒಂದೇ ಮಾತು: "ಹಾಗಾದರೆ ದ್ರಾಕ್ಷಿ ತೋಟ ಉಳಿಯುತ್ತದೆಯೇ?"

ಸಂಜೆ ಬಸ್ಸಿಳಿದು ಮನೆಗೆ ಬಂದೆ. ಬಾವಿ ಪಕ್ಕ ನೀಲಗಿರಿ ಸಸಿಗಳಿರಲಿಲ್ಲ.

"ವಾಪಸ್ ಕೊಟ್ಬಂದೆ" ಅಂದರು ಅತ್ತೆ. "ನಿನ್ ಗುಂಪಿನೋರ್ಗೆ ಬರಿ. ಆ ಫಿರಂಗಿ ಯಜಮಾನ್ರಿಗೂ ಒಂದು ಒನಕೆ ಮಡಿಕ್ಕೊಳ್ಳೋಕೆ ಹೇಳು."