ದೊಡ್ಡಮ್ಮ ಒಪ್ಪಿದ ಕೋವಿ

ಪಾತ್ರೆ ಅಂಗಡಿಯವನಿಗೆ ಭಾರವೆಂದರೆ ಬಹಳ ಗೌರವ. ಮೂಡುಬಿದಿರೆಯ ಪೇಟೆಯಲ್ಲಿ ಹಿತ್ತಾಳೆ, ಕಂಚು, ತಾಮ್ರ ಮಾರುತ್ತ ಬೆಳೆದ ನನಗೆ ಹಗುರ ಎಂಬ ಮಾತು ಬೈಗುಳದ ಹಾಗೆಯೇ ಕೇಳಿಸುತ್ತಿತ್ತು. ಗಿರಾಕಿ ಕೊಡಪಾನವನ್ನು ಎತ್ತಿ ನೋಡಿ ತುಟಿ ಕೊಂಕಿಸಿದರೆ ಸಾಕು, ತೂಕ ಸಾಲದೆಂದು ತಿಳಿದು ಅಟ್ಟದಿಂದ ಇನ್ನೊಂದನ್ನು ಇಳಿಸುತ್ತಿದ್ದೆ. ಮದುವೆಗೆ ಕೊಡುವ ಹರಿವಾಣ ಹೊತ್ತವನ ಸೊಂಟ ಉಳುಕದಿದ್ದರೆ ಹೆಣ್ಣಿನ ಕಡೆಯವರ ಮರ್ಯಾದೆ ಏನಾಗಬೇಕು? ಹೀಗೆ ತೂಕವನ್ನೇ ಮಾರಿ ಉಂಡವನು ನಾನು. ಅಂಥವನು ನಲವತ್ತರ ಅಂಚಿಗೆ ಬಂದಾಗ ಒಂದು ಕೋವಿಯನ್ನು ಹಗುರ ಮಾಡುವ ಹುಚ್ಚು ಹಿಡಿಸಿಕೊಂಡೆ ಎಂದರೆ ನಿಮಗೆ ನಗು ಬರಬಹುದು. ಧಾರಾಳವಾಗಿ ನಗಿ. ಬೆಳ್ತಂಗಡಿಯ ಮೈದಾನದಲ್ಲಿ ನಿಮಗಿಂತ ಮೊದಲೇ ಬೇಕಾದಷ್ಟು ಜನ ನಕ್ಕು ಮುಗಿಸಿದ್ದಾರೆ.

ಚೀನಾ ಯುದ್ಧ ಮುಗಿದ ಮೇಲಿನ ವರ್ಷಗಳು ಅವು. ಅಲ್ಲಿಯವರೆಗೆ ಅಂಗಡಿ, ಗದ್ದೆ, ಕಚೇರಿ ಎಂದು ಇದ್ದ ಗಂಡಸರಿಗೆಲ್ಲ ಇದ್ದಕ್ಕಿದ್ದಂತೆ ದೇಶ ಕಾಯುವ ಹುಮ್ಮಸ್ಸು ಬಂದಿತ್ತು. ಬೆಳ್ತಂಗಡಿಯಲ್ಲಿ ಒಂದು ರೈಫಲ್ ಕ್ಲಬ್ಬು ಹುಟ್ಟಿಕೊಂಡಿತು. ಸೈನ್ಯದಿಂದ ನಿವೃತ್ತರಾಗಿ ಬಂದ ಸುಬೇದಾರರೊಬ್ಬರು ಗುರುಗಳು. ಬಂಟ್ವಾಳ, ಮೂಡುಬಿದಿರೆಗಳಿಂದಲೂ ನಾವು ಕೆಲವರು ಭಾನುವಾರ ಬಸ್ಸು ಹತ್ತಿ ಹೋಗುತ್ತಿದ್ದೆವು. ಕಾಗದದ ಮೇಲೆ ಬರೆದ ಕಪ್ಪು ವೃತ್ತಕ್ಕೆ ನಿಂತು ಗುಂಡು ಹೊಡೆಯುವುದು, ಅಷ್ಟೇ ವಿದ್ಯೆ. ಇರುವೆಯನ್ನೂ ದಾಟಿ ಕಾಲಿಡುವ ಜೈನರ ಮನೆಯವನಿಗೆ ಅದಕ್ಕಿಂತ ದೊಡ್ಡ ಬೇಟೆ ಬೇಕಾಗಿಯೂ ಇರಲಿಲ್ಲ.

ಆದರೆ ಕ್ಲಬ್ಬಿನ ಕೋವಿಗಳು ಯಾರೋ ಪೈಲ್ವಾನರ ಅಳತೆಗೆ ಮಾಡಿದಂಥವು. ನನ್ನದು ಸಣ್ಣ ಮೈಕಟ್ಟು. ಎರಡು ಗುಂಡು ಹಾರಿಸುವಷ್ಟರಲ್ಲಿ ಎಡಗೈ ಸೋತು, ಕೋವಿಯ ತುದಿ ನಿಧಾನವಾಗಿ ನೆಲವನ್ನು ಹುಡುಕತೊಡಗುತ್ತಿತ್ತು. ಮೊದಲ ವರ್ಷದ ಪಂದ್ಯದಲ್ಲಿ ನಾನು ಕಟ್ಟಕಡೆಯವನು. ಗೆದ್ದವರು ಬಂಟ್ವಾಳದ ಅಕ್ಕಿ ಗಿರಣಿಯ ಶೆಟ್ಟರು. ಆಳೆತ್ತರದ ಮನುಷ್ಯ, ಬೀಟೆ ಮರದ ಹಿಡಿಯ ಸ್ವಂತ ಕೋವಿ, ಅದಕ್ಕೊಂದು ಅಗಲವಾದ ಚರ್ಮದ ಪಟ್ಟಿ. ನನ್ನ ಕಾಗದವನ್ನು ಬೆಳಕಿಗೆ ಹಿಡಿದು ಎಲ್ಲೂ ತೂತು ಕಾಣದೆ, “ಎಂತ ಮಾರಾಯ್ರೆ, ನಿಮ್ಮ ಗುಂಡಿಗೂ ಅಹಿಂಸೆ ಉಂಟಾ? ಕಾಗದಕ್ಕೂ ನೋವು ಮಾಡುದಿಲ್ಲ!” ಎಂದರು. ಮೈದಾನವಿಡೀ ನಕ್ಕಿತು. ನಾನೂ ನಕ್ಕೆ. ಬಸ್ಸಿನಲ್ಲಿ ಕುಳಿತ ಮೇಲೆ ಮಾತ್ರ ನಗು ನಿಂತಿತು. ನನ್ನ ಕೈಗೆ ಒಪ್ಪುವ ಹಗುರವಾದ ಕೋವಿಯೊಂದನ್ನು ಮಾಡಿಸಿಯೇ ತೀರುತ್ತೇನೆ ಎಂದುಕೊಂಡೆ.

ನಮ್ಮದು ಅಳಿಯಸಂತಾನದ ಮನೆ. ಯಜಮಾನಿಕೆ ನನ್ನ ತಾಯಿಯ ಅಕ್ಕ, ದೊಡ್ಡಮ್ಮನದು. ಬಾಲ್ಯದಲ್ಲೇ ವಿಧವೆಯಾದ ಅವರಿಗೆ ಅಲ್ಲಿಂದೀಚೆಗೆ ಯಾರೂ ಎದುರು ಮಾತಾಡಿದ್ದಿಲ್ಲ. ಬೆಳಿಗ್ಗೆ ಬಸದಿ, ಮಧ್ಯಾಹ್ನ ಶಾಸ್ತ್ರ, ಸಂಜೆ ಸೂರ್ಯ ಮುಳುಗುವ ಮೊದಲೇ ಊಟ. ನಡುವಿನ ವೇಳೆಯಲ್ಲಿ ನಮ್ಮೆಲ್ಲರ ಆಡಳಿತ. ಅವರ ಮುಂದೆ ಕೋವಿಯ ಮಾತು ಎತ್ತುವುದಕ್ಕೆ ನನಗೆ ಒಂದು ಮಳೆಗಾಲವೇ ಬೇಕಾಯಿತು.

“ಕೊಲ್ಲಲಿಕ್ಕೆ ಅಲ್ಲ ದೊಡ್ಡಮ್ಮ. ಪಂದ್ಯದಲ್ಲಿ ಗೆಲ್ಲಲಿಕ್ಕೆ.”

ಅವರು ಓದುತ್ತಿದ್ದ ಶಾಸ್ತ್ರದ ಪುಟಕ್ಕೆ ಗುರುತು ಇಟ್ಟು ನನ್ನನ್ನು ನೋಡಿದರು. “ಹಾಗಾದರೆ ಗೆಲ್ಲು. ಬರುವ ವರ್ಷದ ಪಂದ್ಯದವರೆಗೆ ಇಟ್ಟುಕೋ. ಗೆಲ್ಲಲಿಲ್ಲವಾ, ಕೋವಿ ಈ ಮನೆಯಿಂದ ಹೊರಗೆ. ಇನ್ನೊಮ್ಮೆ ಅದರ ಹೆಸರು ಎತ್ತಬಾರದು. ಮತ್ತೆ, ಜೀವ ಇದ್ದದ್ದರ ಯಾವುದೂ ಆ ಕೋವಿಯಲ್ಲಿ ಇರಬಾರದು. ಸಿಪಾಯಿಗಳು ದಂಗೆ ಎದ್ದದ್ದು ಎಂತಕ್ಕೆ ಅಂತ ಗೊತ್ತುಂಟಲ್ಲ?” ತೋಟೆಗಳು ಕ್ಲಬ್ಬಿನವು, ಅಲ್ಲಿಯೇ ಇರುತ್ತವೆ, ಮನೆಗೆ ಬರುವುದಿಲ್ಲ ಎಂದು ಸಮಾಧಾನ ಹೇಳಿದೆ. ಉಳಿದದ್ದು ಎಷ್ಟು ಕಷ್ಟವೆಂದು ಆಗ ನನಗೆ ತಿಳಿದಿರಲಿಲ್ಲ.

ಕೋವಿಯೆಂದರೆ ಒಂದು ವಸ್ತು ಎಂದು ನಾನು ತಿಳಿದಿದ್ದೆ. ಬಿಚ್ಚಿ ನೋಡಿದಾಗ ಗೊತ್ತಾಯಿತು, ಅದೊಂದು ಅವಿಭಕ್ತ ಕುಟುಂಬ. ಒಬ್ಬೊಬ್ಬರಿಗೂ ಒಂದೊಂದು ಹಟ. ನಳಿಗೆ ಮತ್ತು ಒಳಗಿನ ಯಂತ್ರಕ್ಕೆ ಕೈ ಹಚ್ಚುವ ಅಧಿಕಾರವಿದ್ದುದು ಮಂಗಳೂರಿನ ಪರವಾನಗಿಯುಳ್ಳ ಕೋವಿ ಅಂಗಡಿಗೆ ಮಾತ್ರ. ಲೈಸೆನ್ಸು ಕೈಗೆ ಬಂದ ಮೇಲೆ ಅಲ್ಲಿನ ಸಾಹೇಬರು ಇದ್ದುದರಲ್ಲೇ ತೆಳ್ಳಗಿನ, ಗಿಡ್ಡ ನಳಿಗೆಯ ಸಣ್ಣ ಗುಂಡಿನ ರೈಫಲ್ ಒಂದನ್ನು ಹುಡುಕಿ ಕೊಟ್ಟರು. ಅದನ್ನು ಚಾವಡಿಯಲ್ಲಿ ಬಿಚ್ಚಿಟ್ಟಾಗ ದೊಡ್ಡಮ್ಮ ಬಂದು ಬಗ್ಗಿ ಮೂಸಿದರು.

“ಈ ಪಟ್ಟಿ?”

“ಚರ್ಮ.”

“ಹೊರಗೆ. ಭುಜಕ್ಕೆ ಒತ್ತುವಲ್ಲಿ ಕಪ್ಪಗೆ ಉಂಟಲ್ಲ, ಅದೆಂತ?”

“ಎಮ್ಮೆಯ ಕೊಂಬು.”

“ಎಮ್ಮೆ ಕೊಟ್ಟದ್ದಾ?”

“ಕೇಳಲಿಲ್ಲ.”

“ಹೊರಗೆ.”

ಹೀಗೆ ಅರ್ಧ ಕೋವಿ ಅಂಗಳಕ್ಕೆ ಹೋಯಿತು. ಉಳಿದರ್ಧಕ್ಕೆ ನಾನು ಅವಯವ ಹುಡುಕುತ್ತ ಹೊರಟೆ. ಚರ್ಮದ ಬದಲು ನವಾರು ಮಂಚಕ್ಕೆ ಹೆಣೆಯುವ ಹತ್ತಿಯ ಪಟ್ಟಿ ಬಂತು. ಕೊಂಬಿನ ಬದಲು ಏನೆಂದು ತಲೆ ಕೆರೆದುಕೊಳ್ಳುತ್ತಿರುವಾಗ ಅಡುಗೆ ಮನೆಯಲ್ಲಿ ತೆಂಗಿನ ಗೆರಟೆಯೊಂದು ಉರುಳಿ ಕಾಲಿಗೆ ತಾಗಿತು. ಎತ್ತಿ ಭುಜದ ಗುಳಿಗೆ ಇಟ್ಟು ನೋಡಿದೆ. ನನ್ನ ಭುಜಕ್ಕೆ ಹೇಳಿ ಮಾಡಿಸಿದ ಹಾಗೆ ಕೂತಿತು! ಆ ದಿನ ನಾನು ಅಡುಗೆ ಮನೆಯಿಂದ ಚಾವಡಿಗೆ ಕುಣಿದುಕೊಂಡೇ ಬಂದೆ ಎಂದು ಈಗಲೂ ಮನೆಯಲ್ಲಿ ಆಡಿಕೊಳ್ಳುತ್ತಾರೆ.

ಭಾರದ ಹಳೆಯ ಮರದ ಹಿಡಿಯ ಬದಲಿಗೆ ಸಾಗುವಾನಿಯೋ ಬೀಟೆಯೋ ಎಂದು ನಾನೂ ಬಡಗಿ ಆಚಾರಿಯೂ ವಾರಗಟ್ಟಲೆ ಚರ್ಚೆ ಮಾಡಿದೆವು. ಆಚಾರಿಗೆ ಮರಕ್ಕಿಂತ ಹೆಚ್ಚಾಗಿ ಅದರ ಮೇಲೆ ನವಿಲು ಕೆತ್ತುವ ಆಸೆ. ಕೊನೆಗೆ ದೊಡ್ಡಮ್ಮನೇ ಅಟ್ಟದಲ್ಲಿ ಬಿದ್ದಿದ್ದ ಹಳೆಯ ಪತ್ತಾಯದ, ಎಂದರೆ ಭತ್ತ ತುಂಬುವ ದೊಡ್ಡ ಪೆಟ್ಟಿಗೆಯ, ದಪ್ಪ ಹಲಸಿನ ಹಲಗೆಯೊಂದನ್ನು ತೋರಿಸಿದರು. ಎಷ್ಟೋ ಕಾಲದಿಂದ ಹೊಗೆ ಕುಡಿದು ಒಣಗಿದ ಮರ. ಬೆರಳಲ್ಲಿ ಬಡಿದರೆ ಟಣ್ ಎನ್ನುತ್ತಿತ್ತು. ನವಿಲು ಬೇಡ, ನವಿಲೂ ತೂಕವೇ ಎಂದು ಆಚಾರಿಯನ್ನು ಒಪ್ಪಿಸಿದೆ. ಅವನು ಚರ್ಮ ಕುದಿಸಿ ಮಾಡಿದ ಸರೇಸು ಅಂಟು ತೆಗೆದಾಗ ದೊಡ್ಡಮ್ಮ ಒಳಗಿನಿಂದಲೇ ಕೆಮ್ಮಿದರು. ಹಲಸಿನ ಮೇಣವೇ ಅಂಟಾಯಿತು. ಪಾಲಿಶಿಗೆ ಅರಗು ಎಂದ; ಅರಗಿನಲ್ಲಿ ಹುಳವುಂಟು ಎಂದರು. ಜೇನುಮೇಣ ಎಂದ, ಈ ಸಲ ನಾನೇ ಕೆಮ್ಮಿದೆ. ಕಡೆಗೆ ನನ್ನದೇ ಬುದ್ಧಿ ಓಡಿಸಿ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದೆ. ದೋಣಿಗೆ ಬಳಿಯುತ್ತಾರಲ್ಲ, ಕೋವಿಗೇಕೆ ಆಗಬಾರದು? ಆಗಬಾರದು ಏಕೆಂದರೆ ದೋಣಿಯನ್ನು ಯಾರೂ ಕೆನ್ನೆಗೆ ಒತ್ತಿಕೊಳ್ಳುವುದಿಲ್ಲ. ನನ್ನ ಬಲಗೆನ್ನೆ ಬೆಂದು ಬೋಂಡದಂತೆ ಊದಿಕೊಂಡಿತು. ಅಂಗಡಿಗೆ ಬಂದವರಿಗೆಲ್ಲ ಹಲ್ಲುನೋವು ಎಂದೆ. ಆಮೇಲೆ ಅದನ್ನೆಲ್ಲ ಹೆರೆದು ಅಗಸೆ ಎಣ್ಣೆ ತಿಕ್ಕಿದೆವು.

ಮಂಗಳೂರಿನ ಸಾಹೇಬರು ಎಲ್ಲವನ್ನೂ ಜೋಡಿಸಿ ಕೊಟ್ಟ ದಿನ ಕೋವಿಯನ್ನು ನನ್ನ ಅಂಗಡಿಯ ತಕ್ಕಡಿಗೆ ಹಾಕಿದೆ. ಇನ್ನೊಂದು ತಟ್ಟೆಯಲ್ಲಿ ಒಂದು ಸಾಧಾರಣ ಕಂಚಿನ ಚರಿಗೆ, ಒಂದು ಚೆಂಬು. ಅಷ್ಟಕ್ಕೇ ತಟ್ಟೆ ಸಮನಾಯಿತು. ಶೆಟ್ಟರ ಕೋವಿಗೆ ಒಂದು ಹಂಡೆಯೇ ಬೇಕಾದೀತು. ನಮ್ಮಲ್ಲಿ ಪ್ರವಚನ ಮಾಡುವವರು ಒಂದು ಸೋರೆಬುರುಡೆಯ ಕತೆ ಹೇಳುವುದುಂಟು. ಮಣ್ಣು ಮೆತ್ತಿದ ಬುರುಡೆ ನೀರಿನ ತಳಕ್ಕೆ ಇಳಿಯುತ್ತದೆ. ಮಣ್ಣು ಕರಗಿದ ಹಾಗೆ ತಾನಾಗಿ ಮೇಲೆ ಬರುತ್ತದೆ. ಕರ್ಮ ಕಳಚಿದ ಜೀವವೂ ಹಾಗೆಯೇ ಎಂದು. ನನ್ನ ಕೋವಿಯ ಕರ್ಮವೆಲ್ಲ ಕಳಚಿತು, ಇನ್ನು ಬಹುಮಾನದ ಕಪ್ಪು ನನ್ನದೇ ಎಂದು ನಾನು ಬೀಗಿದೆ.

ಮುಂದಿನ ಭಾನುವಾರ ಸುಬೇದಾರರು ಅದನ್ನು ಎರಡೇ ಬೆರಳಲ್ಲಿ ಎತ್ತಿ, “ಲಾಯ್ಕ ಉಂಟು. ಆದರೆ ಒಂದು ಹೇಳ್ತೇನೆ. ಭಾರದ ಕೋವಿ ಅದರಷ್ಟಕ್ಕೆ ನಿಲ್ತದೆ. ಹಗುರದ್ದನ್ನು ನೀವೇ ನಿಲ್ಲಿಸ್ಬೇಕು. ಉಸಿರು ಬಿಟ್ಟರೂ ಅಲ್ಲಾಡ್ತದೆ” ಎಂದರು. ಅವರ ಮಾತು ನಿಜವಾಯಿತು. ಹಿಂದೆ ನೆಲ ಹುಡುಕುತ್ತಿದ್ದ ಕೋವಿಯ ತುದಿ ಈಗ ಗಾಳಿಗೆ ಸಿಕ್ಕ ಬಾಳೆಲೆಯ ಹಾಗೆ ಎಲ್ಲ ದಿಕ್ಕಿಗೂ ತೊನೆಯಿತು. ಕೋವಿಯಿಂದ ಇಳಿಸಿದ ಭಾರ ಎಲ್ಲಿಯೂ ಹೋಗಿರಲಿಲ್ಲ. ಅಷ್ಟೂ ನನ್ನ ಮೇಲೆ ಬಂದು ಕೂತಿತ್ತು. ವರ್ಷದ ಬಹುಭಾಗ ಮುಗಿದಿತ್ತು. ಅಷ್ಟು ಪ್ರೀತಿಯಿಂದ ಮಾಡಿಸಿದ್ದನ್ನು ಸಾಹೇಬರಿಗೆ ವಾಪಸು ಕೊಡುವುದನ್ನು ನೆನೆದರೆ ಅಳುವೇ ಬರುತ್ತಿತ್ತು.

ಚಾವಡಿಯಲ್ಲಿ ಬರಿಗೋವಿ ಹಿಡಿದು ಗೋಡೆಯ ಮೊಳೆಗೆ ಗುರಿಯಿಡುತ್ತ ನಡುಗುತ್ತಿದ್ದ ನನ್ನನ್ನು ಒಂದು ದಿನ ದೊಡ್ಡಮ್ಮ ನೋಡಿದರು.

“ಕೋವಿ ಸರಿ ಉಂಟು ಮಗಾ. ನೀನು ಸರಿ ಇಲ್ಲ. ನಿನಗೆ ನಿಲ್ಲಲಿಕ್ಕೇ ಬರುವುದಿಲ್ಲ. ಅದನ್ನು ಕೆಳಗಿಡು.”

ಮರುದಿನದಿಂದ ಪಾಠ. ಕೈ ಇಳಿಬಿಟ್ಟು, ಕಣ್ಣು ಅರ್ಧ ಮುಚ್ಚಿ, ವೇಣೂರಿನ ಗೊಮ್ಮಟನ ಹಾಗೆ ನಿಲ್ಲಬೇಕು. ನಮ್ಮವರು ಅದನ್ನು ಕಾಯೋತ್ಸರ್ಗ ಎನ್ನುತ್ತಾರೆ. ಮೈಯನ್ನು ಅದರಷ್ಟಕ್ಕೆ ಬಿಟ್ಟುಕೊಟ್ಟು ನಿಲ್ಲುವುದು. ಗೊಮ್ಮಟನ ಕಾಲಿಗೆ ಬಳ್ಳಿ ಹಬ್ಬಿತಂತೆ. ನನ್ನ ಕಾಲಿಗೆ ಹಬ್ಬಿದ್ದು ಸೊಳ್ಳೆ. ಕೊಲ್ಲುವ ಹಾಗಿಲ್ಲ, ಓಡಿಸುವುದಕ್ಕೆ ಕೈ ಎತ್ತುವ ಹಾಗೂ ಇಲ್ಲ. “ಕುಡಿಯಲಿ, ಅದಕ್ಕೆ ಎಷ್ಟು ಬೇಕು, ಒಂದು ಹನಿ” ಎಂದು ದೊಡ್ಡಮ್ಮ ಎದುರಿನ ಮಣೆಯ ಮೇಲೆ ಕೂತು ಮಣಿಸರ ಎಣಿಸುತ್ತಿದ್ದರು. ಮೊದಮೊದಲು ಮೂಗಿನ ತುದಿಯೇ ನನ್ನ ಪ್ರಪಂಚವಾಗಿತ್ತು. ಒಂದೆರಡು ತಿಂಗಳಲ್ಲಿ ಸೊಳ್ಳೆ ಕೂತದ್ದು ತಿಳಿಯುತ್ತಿತ್ತು, ಆದರೆ ಅದು ಪಕ್ಕದ ಮನೆಯ ಸುದ್ದಿ ಕೇಳಿದ ಹಾಗೆ. ಆಮೇಲೆ ಅವರೇ ಕೋವಿ ಕೈಗೆ ಕೊಡಿಸಿದರು. ಅದರ ತುದಿ ಮೊಳೆಯ ಮೇಲೆ ಹೋಗಿ ನಿಂತಿತು. ನಿಂತೇ ಇತ್ತು!

ಪಂದ್ಯದ ದಿನ ಮೈದಾನದಲ್ಲಿ ನನ್ನ ಕೋವಿಗೆ ಭರ್ಜರಿ ಸ್ವಾಗತ ದೊರೆಯಿತು. “ಇದೆಂತ, ಚಟ್ನಿ ಕಡೆಯುದಾ?” ಎಂದು ಶೆಟ್ಟರು ಗೆರಟೆಯನ್ನು ತಟ್ಟಿ ನೋಡಿದರು. ಬೆಳಗಿನ ಸುತ್ತು, ಮಧ್ಯಾಹ್ನದ ಸುತ್ತು ಎಂದು ಒಬ್ಬೊಬ್ಬರೇ ಹಿಂದೆ ಬಿದ್ದು, ಕಡೆಗೆ ಉಳಿದವರು ಶೆಟ್ಟರು ಮತ್ತು ನಾನು, ಸಮಸಮ. ಇನ್ನೊಂದೇ ಗುಂಡು, ಕೇಂದ್ರಕ್ಕೆ ಹತ್ತಿರವಾದವರಿಗೆ ಕಪ್ಪು ಎಂದು ಸುಬೇದಾರರು ಸಾರಿದರು. ಅಷ್ಟರಲ್ಲಿ ಬಾಡಿಗೆ ಕಾರೊಂದು ಬಂದು ಮೈದಾನದ ಅಂಚಿನಲ್ಲಿ ನಿಂತಿತು. ಊಟದ ಕ್ಯಾರಿಯರ್ ಹಿಡಿದು ದೊಡ್ಡಮ್ಮ ಇಳಿದರು! ಸೂರ್ಯ ಮುಳುಗುವ ಮೊದಲು ಮಗ ಉಣ್ಣದಿದ್ದರೆ ಎಂಬ ಚಿಂತೆಗೆ ಮೂಡುಬಿದಿರೆಯಿಂದ ಬಂದಿದ್ದರು. ಹೊತ್ತು ಆಗಲೇ ಇಳಿಯುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಏಳುವ ಸೊಳ್ಳೆಗಳೂ ಎದ್ದಿದ್ದವು.

ಶೆಟ್ಟರು ಮೊದಲು ನಿಂತರು. ಬೀಟೆಯ ಕೋವಿ ಬಂಡೆಯ ಹಾಗೆ ನಿಂತಿತು, ಅದರಲ್ಲಿ ಸುಳ್ಳಿಲ್ಲ. ಬೆರಳು ಬಿಗಿಯುವ ಹೊತ್ತಿಗೆ ಅವರ ಕಿವಿಯ ಮೇಲೆ ಸೊಳ್ಳೆಯೊಂದು ಕೂತಿರಬೇಕು. ಭುಜ ಒಂದಿಷ್ಟು ಅದುರಿತು, ಗುಂಡು ಹೋಯಿತು. ಕಪ್ಪು ವೃತ್ತದೊಳಗೇ, ಆದರೆ ಅಂಚಿಗೆ. ಶೆಟ್ಟರು ಕಿವಿಗೆ ಫಟಾರನೆ ಹೊಡೆದುಕೊಂಡು ತುಳುವಿನಲ್ಲಿ ಏನೋ ಅಂದರು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ನಾನು ನಿಂತೆ. ನನ್ನ ಹುಬ್ಬಿನ ಮೇಲೂ ಒಂದು ಬಂದು ಕೂತಿತು. ಕುಡಿ ಮಾರಾಯ, ಒಂದು ಹನಿ ಎಂದು ಮನಸ್ಸಿನಲ್ಲೇ ಅಂದೆ. ಉಸಿರು ಹೋಯಿತು, ಬಂತು, ನಿಂತಿತು. ಕೋವಿ ಕೈಯಲ್ಲಿ ಉಂಟೋ ಇಲ್ಲವೋ ಎಂಬಷ್ಟು ಹಗುರವಾಯಿತು. ಯಾವಾಗ ಟ್ರಿಗರ್ ಎಳೆದೆ ಎಂದು ನನಗೇ ತಿಳಿಯದು. ಸುಬೇದಾರರು ಕಾಗದ ಕಿತ್ತು ತಂದು ಮೊದಲು ತಾವು ನೋಡಿ, ಆಮೇಲೆ ನನಗೊಂದು ಸೆಲ್ಯೂಟ್ ಹೊಡೆದರು. ನಟ್ಟ ನಡುವೆ, ಬಿಂದುವಿನ ಜಾಗದಲ್ಲಿ ತೂತು! ಶೆಟ್ಟರು ಓಡಿ ಬಂದು ನನ್ನನ್ನು ಕೋವಿಸಮೇತ ಎತ್ತಿಯೇಬಿಟ್ಟರು. ಗೆದ್ದವನನ್ನು ಅಷ್ಟು ಮನಸಾರೆ ಎತ್ತಿದ ಸೋತವನನ್ನು ನಾನು ಮತ್ತೆ ಕಂಡಿಲ್ಲ. ಮೈದಾನ ಕೂಗುತ್ತಿತ್ತು. ಹೋದ ವರ್ಷ ನಕ್ಕ ಬಾಯಿಗಳೇ ಅವು. ನನಗಾದ ಸಂತೋಷವನ್ನು ಸಣ್ಣದು ಮಾಡಿ ಹೇಳುವ ವಿನಯ ನನಗೆ ಇಂದಿಗೂ ಬಂದಿಲ್ಲ.

“ಬಹುಮಾನ ಮತ್ತೆ. ಮೊದಲು ಊಟ” ಎಂದು ದೊಡ್ಡಮ್ಮನ ಧ್ವನಿ ಕೇಳಿತು. ಬೆಳ್ತಂಗಡಿ ತಾಲೂಕಿನ ಗಣ್ಯರೆಲ್ಲ ವೇದಿಕೆಯಲ್ಲಿ ಹಾರ ಹಿಡಿದು ಕಾಯುತ್ತಿದ್ದರು. ಚಾಂಪಿಯನ್ ಮರದ ಬುಡದಲ್ಲಿ ಕೂತು, ಪಡುವಣದ ಕಡೆ ಕಣ್ಣಿಟ್ಟು, ಗಬಗಬನೆ ಸಾರನ್ನ ಉಂಡ. ಕೊನೆಯ ತುತ್ತಿಗೂ ಸೂರ್ಯನಿಗೂ ನಡುವೆ ಹೆಚ್ಚು ಅಂತರ ಇರಲಿಲ್ಲ. ಆಮೇಲೆ ಕಪ್ಪು ಬಂತು, ಹಾರ ಬಂತು, ಭಾಷಣವೂ ಬಂತು.

ಕಾರಿನ ಬಳಿ ದೊಡ್ಡಮ್ಮ ನನ್ನ ಹೆಗಲಿನ ಕೋವಿಗೆ ಕೈ ಚಾಚಿದರು. ಅದನ್ನು ಅವರು ಮುಟ್ಟಿದ್ದು ಅದೇ ಮೊದಲು. ಒಂದೇ ಕೈಯಲ್ಲಿ ಎತ್ತಿ ಹಿಡಿದರು, ಹಲಸಿನ ಮರದ ಮೇಲೆ ಬೆರಳಾಡಿಸಿದರು.

“ಗೆದ್ದಿಯಲ್ಲ. ಮನೆಯಲ್ಲೇ ಇರಲಿ” ಎಂದರು. ಹಿಂತಿರುಗಿಸುತ್ತ ಇನ್ನೊಂದು ಮಾತು ಸೇರಿಸಿದರು. “ಕೋವಿ ಹಿಡಿದು ಅಲ್ಲಾಡದೆ ನಿಲ್ಲಲಿಕ್ಕೆ ಕಲಿತೆ. ಇನ್ನು ಏನೂ ಹಿಡಿಯದೆ ನಿಲ್ಲಲಿಕ್ಕೆ ಕಲಿ. ಅದಕ್ಕೆ ಕಪ್ಪು ಕೊಡುವವರು ಯಾರೂ ಇಲ್ಲ.”

ಮಾತು ನನಗೆ ಚೆನ್ನಾಗಿಯೇ ಅರ್ಥವಾಯಿತು, ಹೌದು ದೊಡ್ಡಮ್ಮ ಎಂದು ತಲೆಯನ್ನೂ ಆಡಿಸಿದೆ. ಆಡಿಸಿ, ಕಪ್ಪನ್ನು ಎರಡು ಕೈಯಲ್ಲೂ ಎದೆಗೆ ಅವುಚಿಕೊಂಡು ಕಾರು ಹತ್ತಿದವನು, ಮೂಡುಬಿದಿರೆ ಬರುವ ತನಕ ಕೆಳಗಿಡಲಿಲ್ಲ.