ಮೀಸೆಗೆ ಬಂದ ದಂಡು

ಬೆಳಿಗ್ಗೆ ಆರೂವರೆಗೆ ಅಪ್ಪನ ತುಟಿ ಬದನೆಕಾಯಿಯಂತೆ ಊದಿತ್ತು. ಭಾನುವಾರ ಬೀಗರು ಬರುತ್ತಾರೆಂದು ಎರಡು ದಿನದ ಹಿಂದೆ ಮೀಸೆಗೆ ಬಣ್ಣ ಹಚ್ಚಿದ್ದರು. ತುರಿಸಿದಾಗ "ಬಣ್ಣ ಹಿಡ್ಯಾಕತ್ತೈತಿ" ಎಂದು ಮತ್ತೆ ಬಳಿದಿದ್ದರು. ಉಸಿರು ಕಟ್ಟೀತೆಂಬ ಭಯದಲ್ಲಿ ಮಸ್ಕಿಯಿಂದ ಸಿಂಧನೂರಿಗೆ ಓಡಿದೆವು.

ಅಲ್ಲಿಯ ಕಾಂಪೌಂಡರ್ ಯಾರ ಬಾವು ಮುಟ್ಟಿದರೂ "ದಂಡು ಬಂದೈತ್ರೀ" ಎನ್ನುವವರು. ಡಾಕ್ಟರು ಸೂಜಿ ಹಾಕಿ ಹೋದ ಮೇಲೆ ಕಾಂಪೌಂಡರ್ ಅಪ್ಪನ ತುಟಿಯನ್ನೂ ಕಿರುಬೆರಳಿನಿಂದ ಮುಟ್ಟಿ ಅದನ್ನೇ ಹೇಳಿದರು.

"ಎಲ್ಲೈತಪ್ಪಾ ದಂಡು?" ಎಂದರು ಅಪ್ಪ.

"ನಿಮ್ಮ ಬಿಳಿ ರಕ್ತಕಣ ಬಣ್ಣಾನ ವೈರಿ ಅಂತ ತಿಳದು ಇಲ್ಲಿಗೆ ಓಡಿ ಬಂದಾವ್ರೀ. ಅದಕ್ಕ ಈ ಬಾವು."

"ಮತ್ತ ಯಾವಾಗ ಹಚ್ಚಲಿ?"

"ಹಚ್ಚೂದು ಬ್ಯಾಡ್ರಿ ಯಜಮಾನ್ರ. ಅವು ಮರೆಯೂದಿಲ್ಲ, ಮುಂದಿನ ಸಲ ಇನ್ನೂ ಲಗೂನ ಬರ್ತಾವ" ಎನ್ನುತ್ತಾ ಕತ್ತರಿ ಎತ್ತಿ ಮೀಸೆಯನ್ನು ತಾವೇ ತೆಗೆದರು.

ಭಾನುವಾರ ಅಪ್ಪ ಬೋಳು ತುಟಿಯಲ್ಲೇ ಬೀಗರೊಡನೆ ನಕ್ಕರು. ಅಲ್ಲಿಯವರೆಗೆ ರಾತ್ರಿಯೆಲ್ಲ ಅವರ ಉಸಿರಿಗೆ ಕಿವಿಗೊಟ್ಟು ಎಚ್ಚರವಿದ್ದ ನಾನು ಅಂದು ಬೆಳಗಿನವರೆಗೆ ನಿದ್ದೆ ಮಾಡಿದೆ.