ಧ್ವನಿ ಗುರುತಿಸುವ ಆಟ

ಆ ಪರದೆಯನ್ನು ಹೊಲಿದವಳು ನಾನು. ಕಡುನೀಲಿ ದಪ್ಪ ಬಟ್ಟೆ, ಎರಡು ಪದರ. ಹಿಂದಿನಿಂದ ಬೆಳಕು ಬಿದ್ದರೂ ನೆರಳು ಮುಂದೆ ಕಾಣಬಾರದು ಎಂದು ಹಾಗೆ ಹೊಲಿದಿದ್ದೆ. ಅದು ಒಬ್ಬ ಮನುಷ್ಯನ ಮೇಲೆ ಬಿದ್ದರೆ ಅವನಿಗೆ ಏನೂ ಕಾಣುವುದಿಲ್ಲ, ಅವನ ಮುಖವೂ ಯಾರಿಗೂ ಕಾಣುವುದಿಲ್ಲ. ಹೊಲಿಯುವಾಗ ಇದು ನನಗೆ ಹೊಳೆದಿರಲಿಲ್ಲ.

ಶಿರಸಿಯಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ. ಯಂತ್ರದ ಪಕ್ಕ ದಿನವಿಡೀ ರೇಡಿಯೋ ಹಾಡುತ್ತಿರುತ್ತದೆ. ಮಧ್ಯಾಹ್ನ ಫೋನ್ ಮಾಡಿ ಹಾಡು ಕೇಳುವ ಕಾರ್ಯಕ್ರಮವೊಂದಿದೆ. ಅದರ ಅಭಿಮಾನಿಗಳು ಸೇರಿ ವರ್ಷಕ್ಕೊಮ್ಮೆ ಮೇಳ ನಡೆಸುತ್ತಿದ್ದೆವು. ಒಂದು ವರ್ಷ ಶಿರಸಿ, ಒಂದು ವರ್ಷ ಸಿದ್ದಾಪುರ, ಮತ್ತೊಂದು ವರ್ಷ ಯಲ್ಲಾಪುರ. ನಾನು ಮೊದಮೊದಲು ಅವಲಕ್ಕಿ ಕಲಸುವುದಕ್ಕೆ ಹೋದವಳು, ಆಮೇಲೆ ಕುರ್ಚಿ ಹಾಕಿಸುವುದು, ಬಂದವರ ಎದೆಗೆ ಚೀಟಿ ಚುಚ್ಚುವುದು, ಕೊನೆಗೆ ಪರದೆ. ನಮ್ಮಲ್ಲಿ ಹೆಸರು ಹಿಡಿದು ಕರೆಯುವುದು ಕಡಿಮೆ. ಫೋನ್ ಮಾಡಿದವರು ಊರು ಹೇಳುತ್ತಿದ್ದರು, ಆ ಊರೇ ಹೆಸರಾಗುತ್ತಿತ್ತು. ‘ಏ ಕಿರವತ್ತಿ, ಚಾ ಕುಡಿದ್ಯಾ?’ ಎಂದು ಮೇಳದಲ್ಲಿಯೂ ಹಾಗೆಯೇ ಕರೆದುಕೊಳ್ಳುತ್ತಿದ್ದರು. ಮುಖ ನೋಡಿ ಯಾರೆಂದು ತಿಳಿಯದವರು ಬಾಯಿ ತೆರೆದ ಕೂಡಲೇ ತಬ್ಬಿಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಧ್ವನಿ ಗುರುತಿಸುವ ಆಟ ಹುಟ್ಟಿದ್ದು ಅದರಿಂದಲೇ. ಒಬ್ಬೊಬ್ಬರೇ ಪರದೆಯ ಹಿಂದೆ ಬಂದು ಮೈಕಿನಲ್ಲಿ ‘ನಮಸ್ಕಾರ, ಊಟ ಆಯ್ತಾ?’ ಎನ್ನಬೇಕು. ಎಲ್ಲರೂ ಅದೇ ಮಾತು, ಬೇರೆ ಏನೂ ಇಲ್ಲ. ಸಭೆ ಊರು ಹೇಳಬೇಕು. ಪರದೆಯ ಹಿಂದೆ ನಿಂತು ಮುಂದಿನವರನ್ನು ಸನ್ನೆಯಲ್ಲಿ ಕರೆಯುವುದು ನನ್ನ ಕೆಲಸ. ಮಾತಾಡುವವರನ್ನು ಬಿಟ್ಟರೆ ಹಿಂದೆ ಇರುತ್ತಿದ್ದವಳು ನಾನೊಬ್ಬಳೇ.

ಆ ವರ್ಷ ಮೇಳ ಯಲ್ಲಾಪುರದ ಒಂದು ಸಭಾಭವನದಲ್ಲಿ. ಬೆಳಿಗ್ಗೆ ಅವಲಕ್ಕಿ ಹಂಚುತ್ತಿದ್ದಾಗ ನಮ್ಮ ಸಂಚಾಲಕರು ಕೋಲಸಿರ್ಸಿಯ ಹೆಂಗಸಿನೊಂದಿಗೆ ಮೂಲೆಯಲ್ಲಿ ಮಾತಾಡುತ್ತಿದ್ದರು. ಸಂಚಾಲಕರದ್ದು ಮೈಕ್ ಸೆಟ್ ಬಾಡಿಗೆಗೆ ಕೊಡುವ ವ್ಯವಹಾರ, ನನ್ನ ಅಂಗಡಿಯ ಎದುರು ಸಾಲಿನಲ್ಲಿಯೇ. ಮೇಳವನ್ನು ಕಟ್ಟಿದವರೇ ಅವರು. ಆ ಹೆಂಗಸಿಗೆ ಕೆಲವು ತಿಂಗಳಿನಿಂದ ಯಾರೋ ಬೇರೆ ಬೇರೆ ನಂಬರಿನಿಂದ ಫೋನ್ ಮಾಡುತ್ತಿದ್ದರು. ಮೊದಲು ‘ಊಟ ಆಯ್ತಾ?’ ಎಂದು ಶುರು, ಆಮೇಲೆ ಹೇಳಬಾರದ ಮಾತು.

‘ನಮ್ಮವರಲ್ಲೇ ಯಾರೋ ಇರಬೇಕು ತಂಗಿ,’ ಎಂದರು ಸಂಚಾಲಕರು. ‘ಆಟದ ಹೊತ್ತಿಗೆ ಮುಂದೆ ಕೂತ್ಕೊ. ಅವನ ಧ್ವನಿ ಬಂತು ಅಂದ್ರೆ ಕೈ ಎತ್ತು. ಮುಂದಿಂದು ನಮಗೆ ಬಿಡು.’

ಮುಂದಿನದು ಎಂದರೆ ಪೊಲೀಸರಿಗೆ ಹೇಳುವುದು ಎಂದುಕೊಂಡು ನಾನು ಅವಲಕ್ಕಿಯ ಪಾತ್ರೆ ಎತ್ತಿಕೊಂಡು ಮುಂದೆ ಹೋದೆ.

ಆಟ ಚೆನ್ನಾಗಿಯೇ ನಡೆಯಿತು. ಢಾಬಾ ನಡೆಸುವ ಕಿರವತ್ತಿಯವನು ಬಾಯಿ ತೆರೆದದ್ದೇ ‘ಢಾಬಾದ ರೊಟ್ಟಿ ಇನ್ನೂ ಗಂಟಲಲ್ಲೇ ಇದೆ, ನುಂಗಿ ಮಾತಾಡೋ’ ಎಂದು ಯಾರೋ ಕೂಗಿದರು, ಸಭೆಯೆಲ್ಲ ನಕ್ಕಿತು. ಅವನ ನಂತರ ನಾನು ಬನವಾಸಿಯವರನ್ನು ಕರೆದೆ. ಐವತ್ತು ದಾಟಿದ ಮನುಷ್ಯ, ಜೋಳ ಬೆಲ್ಲದ ಅಂಗಡಿ. ಹಳೆಯ ಹಾಡುಗಳನ್ನು ಮಾತ್ರ ಕೇಳುತ್ತಿದ್ದರು. ಎರಡು ದಿನದ ನೆಗಡಿಯಿಂದ ಗಂಟಲು ಕಟ್ಟಿತ್ತು. ‘ಅಕ್ಕಾರ, ಇವತ್ತು ನನ್ನ ಯಾರೂ ಹಿಡಿಯಾಕ ಆಗೂದಿಲ್ಲ ನೋಡ್ರಿ,’ ಎಂದು ನನ್ನ ಕಿವಿಯ ಬಳಿ ಪಿಸುಗುಟ್ಟಿ, ಖುಷಿಯಿಂದ ಮೈಕಿನ ಮುಂದೆ ನಿಂತರು.

‘ನಮಸ್ಕಾರ, ಊಟ ಆಯ್ತಾ?’

ಸಭೆ ಊರು ಹೇಳಲಿಲ್ಲ. ಆ ಮೌನದಲ್ಲಿ ಹೆಂಗಸಿನ ಧ್ವನಿ ಬಂತು. ‘ಇದೇ. ಇವನೇ.’

ಕುರ್ಚಿಗಳು ಬಿದ್ದ ಸದ್ದಾಯಿತು. ಪರದೆ ಮುಂದಿನಿಂದ ಉಬ್ಬಿತು, ಕಿಟಕಿಯ ಕಡೆಯ ತಂತಿ ಕಿತ್ತುಬಂತು, ಬಟ್ಟೆ ಅವರ ತಲೆಯ ಮೇಲೆ ಬಿತ್ತು. ಅವರು ಒಳಗೆ ನಗುತ್ತಿದ್ದರು. ಆಟದ ಭಾಗ ಎಂದುಕೊಂಡಿರಬೇಕು. ‘ತಡೀರಿ, ತಡೀರಿ, ಸೋತ್ರಲ್ಲ ನೀವು,’ ಎಂದರು. ಮೊದಲ ಒದೆತ ಹೊಟ್ಟೆಗೆ. ಒದ್ದವನು ಕಿರವತ್ತಿಯವನು, ಅದನ್ನು ನಾನು ನೋಡಿದೆ. ಅವರು ಬಗ್ಗಿದರು. ಇಬ್ಬರು ಬಟ್ಟೆಯ ತುದಿಗಳನ್ನು ಹಿಡಿದು ಸುತ್ತಿದರು, ಗೋಣಿಚೀಲದ ಬಾಯಿ ಕಟ್ಟುವ ಹಾಗೆ. ನೆಲಕ್ಕೆ ಬಿದ್ದ ಮೇಲೆ ಎಷ್ಟು ಕಾಲುಗಳು ಎಂದು ಹೇಳಲಾರೆ. ಮೈಕ್ ಸ್ಟ್ಯಾಂಡಿನಿಂದ ಕಳಚಿ ಅವರ ಜೊತೆಯೇ ಬಿದ್ದಿತ್ತು. ಪ್ರತಿ ಒದೆತವೂ, ಪ್ರತಿ ಸಲ ಅವರ ಉಸಿರು ಕಟ್ಟಿದ್ದೂ ಭವನದ ನಾಲ್ಕೂ ಮೂಲೆಯ ಸ್ಪೀಕರ್ ಪೆಟ್ಟಿಗೆಗಳಿಂದ ಕೇಳುತ್ತಿತ್ತು. ಯಾರೂ ಮೈಕ್ ಬಂದ್ ಮಾಡಲಿಲ್ಲ.

ಸಂಚಾಲಕರು ಮೈಕಿನ ಸ್ಟ್ಯಾಂಡನ್ನು ಎತ್ತಿಕೊಂಡರು. ಅದರ ಬುಡ ದುಂಡಗಿನ ಕಬ್ಬಿಣ. ಅವರು ಅದನ್ನು ತಿರುಗಿಸಿ, ಬುಡ ಮೇಲೆ ಬರುವಂತೆ ಎರಡೂ ಕೈಯಲ್ಲಿ ಹಿಡಿದರು. ಬಟ್ಟೆಯೊಳಗೆ ತಲೆ ಎಲ್ಲಿದೆ ಎಂದು ನೋಡಿದರು. ನೋಡಿದ್ದು ನನಗೆ ನೆನಪಿದೆ, ಏಕೆಂದರೆ ಸಿಟ್ಟಿನಲ್ಲಿ ಹೊಡೆಯುವವನಿಗೆ ಅಷ್ಟು ಹೊತ್ತು ಬೇಕಾಗಿರಲಿಲ್ಲ. ಆಮೇಲೆ ಹೊಡೆದರು. ನಾನು ಬಟ್ಟೆಯ ಮೇಲೆ ಬಿದ್ದು ಅದನ್ನು ಎಳೆಯಲು ನೋಡಿದೆ. ಯಾರದೋ ಮೊಣಕೈ ತಾಗಿ ನನ್ನ ತುಟಿ ಒಡೆಯಿತು. ಅದು ಯಾರದೆಂದು ನೋಡಲಿಲ್ಲ, ಹಾಗಾಗಿ ಹೇಳುವುದಿಲ್ಲ. ಎರಡನೆಯ ಸಲ ಸ್ಟ್ಯಾಂಡ್ ಇಳಿದಾಗ ನನ್ನ ಅಂಗೈ ಕೆಳಗೆ ನೀಲಿ ಬಟ್ಟೆ ಕಪ್ಪಾಗಿ, ಬೆಚ್ಚಗಾಯಿತು.

‘ಸಾಕು, ಸಾಯ್ತಾರೆ,’ ಎಂದು ಕೋಲಸಿರ್ಸಿಯ ಹೆಂಗಸೇ ಅಳುತ್ತ ನಡುವೆ ಬಂದಳು. ಆಗ ನಿಂತಿತು.

ಬನವಾಸಿಯವರ ಬಲಗಿವಿಯ ತಮಟೆ ಹರಿದಿದೆ, ಅದರ ಹಿಂದಿನ ಮೂಳೆ ಬಿರುಕು ಬಿಟ್ಟಿದೆ, ಆ ಕಿವಿ ಇನ್ನು ಕೇಳುವುದಿಲ್ಲ ಎಂದರು ಶಿರಸಿಯ ವೈದ್ಯರು. ಮರುದಿನ ಆ ಹೆಂಗಸು ಆಸ್ಪತ್ರೆಗೆ ಬಂದು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಳು. ಒಳಗೆ ಹೋಗಲು ಅವಳಿಗೆ ಧೈರ್ಯವಾಗುತ್ತಿರಲಿಲ್ಲ.

‘ನಿನ್ನೆ ಸಂಜೆ ಮತ್ತೆ ಫೋನ್ ಬಂತು ಅಕ್ಕ,’ ಎಂದಳು. ‘ಅದೇ ಧ್ವನಿ. ಆವಾಗ ಇವರಿಗೆ ಇಲ್ಲಿ ಹೊಲಿಗೆ ಹಾಕ್ತಾ ಇದ್ರಂತೆ.’

ಆ ಫೋನ್ ಮಾಡುತ್ತಿದ್ದವನು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ.

ಪೊಲೀಸರು ಬಂದಿದ್ದಾರೆಂದು ತಿಳಿದು ಸಂಚಾಲಕರು ನನ್ನನ್ನು ಆಸ್ಪತ್ರೆಯ ಮೆಟ್ಟಿಲ ಬಳಿ ನಿಲ್ಲಿಸಿದರು. ಕಣ್ಣು ಕೆಂಪಾಗಿತ್ತು. ನಿದ್ದೆ ಮಾಡಿದಂತಿರಲಿಲ್ಲ. ನಾವಿಬ್ಬರೇ ಇದ್ದಾಗ ಮನೆಮಾತು ಹವ್ಯಕವೇ ಬಾಯಿಗೆ ಬರುತ್ತಿತ್ತು.

‘ತಂಗಿ, ಒಂದು ಹೆಣ್ಣಿನ ಮಾನದ ಪ್ರಶ್ನೆ ಆಗಿತ್ತು.’

‘ಫೋನ್ ಮಾಡಿದ್ದು ಅವರಲ್ಲ ಹೇಳಿ ಗೊತ್ತಾತಲ.’

‘ಈಗ ಗೊತ್ತಾತು. ಆವಾಗ ಗೊತ್ತಿತ್ತಾ? ಗದ್ದಲದಲ್ಲಿ ಎಂತದೂ ಕಂಡಿದ್ದಿಲ್ಲೆ ಹೇಳಿಬಿಡು. ಉಳಿದವೆಲ್ಲ ಹಾಂಗೇ ಹೇಳಿದ್ದ. ಮೇಳ ಉಳಿಯವ ಬ್ಯಾಡದ?’

‘ಪರದೆ ಹಿಂದೆ ಇದ್ದಿದ್ದು ಆನೊಬ್ಬಳೇಯ,’ ಎಂದೆ. ಅವರು ನನ್ನ ಒಡೆದ ತುಟಿಯನ್ನು ನೋಡಿದರು, ದಾರಿ ಬಿಟ್ಟರು.

ವಾರ್ಡಿನಲ್ಲಿ ಪೇದೆ ಹಾಸಿಗೆಯ ಪಕ್ಕ ನಿಂತು ಕೇಳುತ್ತಿದ್ದ. ಬನವಾಸಿಯವರ ತಲೆಗೆಲ್ಲ ಪಟ್ಟಿ, ಒಂದು ಕಣ್ಣು ಮುಚ್ಚಿಹೋಗಿತ್ತು.

‘ಯಾರು ಹೊಡೆದ್ರು ನೋಡಿದ್ರಾ?’

‘ನೋಡಿಲ್ರೀ. ಬಟ್ಟಿ ಇತ್ತಲ್ಲ.’

‘ಯಾರಾದ್ರೂ ಮಾತಾಡಿದ್ದು?’

‘ಮಾತಾಡಿದ್ರು. ಒಂದೊಂದು ಧ್ವನಿನೂ ಯಾರದು ಅಂತ ನನಗ ಗೊತ್ತೈತಿ. ವರ್ಷಾನುಗಟ್ಟಲೆ ಕೇಳೀನಿ. ಆದ್ರ ಹೇಳಂಗಿಲ್ರೀ.’

‘ಯಾಕೆ? ಹೆದರಿಕೆನಾ?’

‘ಬರೇ ಧ್ವನಿ ಮ್ಯಾಲೆ ಒಬ್ಬನ್ನ ಹಿಡಿದು ಕೊಟ್ರ ಏನಾಗತೈತಿ ಅಂತ ನನ್ನ ಮಾರಿ ನೋಡ್ರಿ. ನಾನೂ ಅದನ್ನ ಮಾಡ್ಲೇನು? ಕಣ್ಣಿಂದ ನೋಡಿದವ್ರು ಇದ್ರ ಅವ್ರು ಹೇಳ್ಲಿ.’

ಪೇದೆ ನನ್ನ ಕಡೆ ತಿರುಗಿದ. ನಾನು ನೋಡಿದ್ದನ್ನು ಹೇಳತೊಡಗಿದೆ. ಒದ್ದವನ ಹೆಸರು, ಬಟ್ಟೆ ಸುತ್ತಿದ ಇಬ್ಬರ ಹೆಸರು. ಮೈಕಿನ ಸ್ಟ್ಯಾಂಡಿನ ವಿಷಯಕ್ಕೆ ಬಂದಾಗ ಧ್ವನಿ ತಾನಾಗಿಯೇ ಇಳಿಯಿತು. ಎದುರು ಸಾಲಿನ ಅಂಗಡಿ, ಬೆಳಿಗ್ಗೆ ಕದ ತೆಗೆಯುವಾಗ ಅವರು ಎತ್ತುವ ಕೈ, ಮೊದಲ ಮೇಳದ ದಿನ ನನ್ನ ಬಟ್ಟೆಗಂಟನ್ನು ಅವರೇ ಹೊತ್ತು ತಂದದ್ದು ಎಲ್ಲ ಕಣ್ಣ ಮುಂದೆ ಬಂತು. ಆದರೂ ಹೆಸರು ಹೇಳಿದೆ.

ಹಾಸಿಗೆಯಿಂದ ಕೈ ಮೇಲೆದ್ದಿತು. ನಾನು ಅವರ ಬಲಗಡೆ ನಿಂತಿದ್ದೆ.

‘ಅಕ್ಕಾರ, ಆ ಕಡೆ ನಿಂತು ಹೇಳಿದ್ದು ನನಗೇನೂ ಕೇಳಲಿಲ್ಲ. ಈ ಕಡೆ ಬರ್ರಿ.’

ಕುರ್ಚಿಯನ್ನು ಅವರ ಎಡಗಡೆಗೆ ಎಳೆದುಕೊಂಡು ಕುಳಿತೆ. ಪೇದೆ ಕಾಯುತ್ತ ನಿಂತ. ಪರದೆ ಉಬ್ಬಿದಲ್ಲಿಂದ ಮತ್ತೆ ಶುರುಮಾಡಿದೆ, ಈ ಸಲ ಅವರಿಗೆ ಕೇಳುವಷ್ಟು ಜೋರಾಗಿ.